ಮಂಜು ಕವಿದ ಸಂಪು

ಬರವಣಿಗೆ ಸುಧಾರಿಸಬೇಕು ಅನ್ನುವವರಿಗೆ ನಮ್ಮ ಹಿರಿಯರು ಕೊಡುವ ಸಲಹೆ ಒಂದೇ: ಚೆನ್ನಾಗಿ ಓದಿ. ಏನು ಓದಬೇಕು, ಎಷ್ಟು ಓದಬೇಕು, ಓದಿದ ಮೇಲೆ ಅಕ್ಕಪಕ್ಕದವರು ಏನೇನು ಅನುಭವಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಬಾಮೈದ ಈ ಸಲಹೆಯನ್ನು ತಲೆಯ ಮೇಲೆ ಹೊತ್ತುಕೊಂಡು ಗಾಥಿಕ್ ರಹಸ್ಯ ಕಾದಂಬರಿಗಳ ದಾರಿ ಹಿಡಿದ. ಪಾಳುಕೋಟೆ, ಬೀಗ ಜಡಿದ ಕೋಣೆ, ಗಾಳಿಗೆ ಆರುವ ಮೇಣದಬತ್ತಿ, ಗೋಡೆಯ ಪಟದೊಳಗಿಂದ ದುರುಗುಟ್ಟುವ ಮುತ್ತಾತ, ಯಾರೂ ಇಲ್ಲದ ಮಹಡಿಯಲ್ಲಿ ಯಾರೋ ನಡೆದ ಸದ್ದು. ಇವಿಷ್ಟೂ ಇಲ್ಲದ ಪುಸ್ತಕವನ್ನು ಅವನು ಮುಟ್ಟುವುದಿಲ್ಲ. "ಸ್ಟೈಲ್ ಅಂದ್ರೆ ಇದು ಕಣ್ ಭಾವ" ಎನ್ನುತ್ತಾನೆ.

ಮಂಡ್ಯದ ಕಡೆಯ ಹುಡುಗ. ನಮ್ಮದೇ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದಾನೆ. ಸಾಲದ್ದಕ್ಕೆ ನಿವಾಸಿಗಳ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿಗೆ ಶೈಲಿಯ ಹುಚ್ಚು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಲಿಫ್ಟಿನ ಪಕ್ಕ ಅಂಟಿಸಿದ್ದ ಈ ನೋಟೀಸೇ ಸಾಕ್ಷಿ:

"ಅಂಧಕಾರದ ಗರ್ಭದಲ್ಲಿ ಹುದುಗಿರುವ ಆ ಪುರಾತನ ಸಂಪಿನ ತಳದಿಂದ ನಿನ್ನೆ ನಡುರಾತ್ರಿ ಯಾವುದೋ ಅಜ್ಞಾತ ಜೀವದ ಕಟ್ಟಕಡೆಯ ನಿಟ್ಟುಸಿರು ಕೇಳಿಬಂದಿತು... ತದನಂತರ ಭಯಾನಕವಾದ ನೀರವ ಮೌನ!... ನಿವಾಸಿಗಳು ಇದನ್ನರಿತು ವರ್ತಿಸತಕ್ಕದ್ದು."

ಪುರಾತನ ಸಂಪಿಗೆ ಬಿಲ್ಡರ್ ಕೊಟ್ಟ ಗ್ಯಾರಂಟಿಯೇ ಇನ್ನೂ ಮುಗಿದಿರಲಿಲ್ಲ. ವಿಷಯ ಇಷ್ಟೇ: ಮೋಟರಿನ ಫುಟ್‌ವಾಲ್ವ್ ಕೈಕೊಟ್ಟಿತ್ತು, ಮೇಲಿನ ಟ್ಯಾಂಕಿಗೆ ನೀರು ಏರುತ್ತಿರಲಿಲ್ಲ, ಸ್ನಾನ ಬೇಗ ಮುಗಿಸಿ ಎಂದು ಹೇಳಬೇಕಿತ್ತು. ನೋಟೀಸು ಓದಿದ ನೆಲಮಹಡಿಯ ಅಜ್ಜಿ ಸಂಪಿಗೆ ಯಾರೋ ಬಿದ್ದಿದ್ದಾರೆಂದು ಪೊಲೀಸರಿಗೆ ಫೋನ್ ಮಾಡಿಸಿದರು. ವಾಚ್‌ಮನ್ ರಾತ್ರಿ ಪಾಳಿ ಬೇಡವೆಂದು ಕೂತ. ಯಾರೂ ಸ್ನಾನ ಮಾತ್ರ ಬೇಗ ಮುಗಿಸಲಿಲ್ಲ.

ಓದಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಗಾಥಿಕ್ ಕಾದಂಬರಿಗಳು ಬರವಣಿಗೆಯನ್ನು ಕಲಿಸುತ್ತವೆ, ನಿಜಕ್ಕೂ ಕಲಿಸುತ್ತವೆ. ಆದರೆ ಬಾಮೈದ ಅಲ್ಲಿಂದ ಹೊತ್ತು ತಂದದ್ದು ಬರೀ ಮಂಜು. ನಾಮಪದ ಕಂಡಲ್ಲೆಲ್ಲ ಅದರ ಹಿಂದೆ ಮೂರು ವಿಶೇಷಣ, ವಾಕ್ಯದ ಬಾಲಕ್ಕೆ ಚುಕ್ಕಿಗಳ ಸಾಲು, ಚುಕ್ಕಿ ಸಾಲದಿದ್ದರೆ ಆಶ್ಚರ್ಯಚಿಹ್ನೆ. ಅವನು ಬರೆಯುತ್ತಿರುವ ಕಾದಂಬರಿ ಶುರುವಾಗುವುದು ಏಪ್ರಿಲ್ ತಿಂಗಳ ಮಳವಳ್ಳಿಯಲ್ಲಿ. ಅಲ್ಲಿ ದಟ್ಟ ಮಂಜು ಬಿದ್ದಿದೆ. ನಾಯಕ ನಡುಮನೆಯಲ್ಲಿ ಬೆಂಕಿ ಕಾಯಿಸುತ್ತ ಕೂತಿದ್ದಾನೆ. "ಏಪ್ರಿಲ್‌ನಲ್ಲಿ ಮಳವಳ್ಳಿಯೋರು ಫ್ಯಾನಿನ ಕೆಳಗೆ ಕೂರ್ತಾರಲ್ಲಯ್ಯಾ" ಎಂದರೆ, "ಅಟ್ಮಾಸ್ಫಿಯರ್ ಬೇಕಲ್ವಾ ಭಾವ" ಎಂಬ ಉತ್ತರ. ತೇಜಸ್ವಿಯವರ 'ನಿಗೂಢ ಮನುಷ್ಯರು' ಓದಿದವರಿಗೆ ಗೊತ್ತು, ನಮ್ಮ ಮಲೆನಾಡಿನ ಮಳೆಗೆ ಇಂಗ್ಲೆಂಡಿನಿಂದ ಮಂಜು ಕಡ ತರಬೇಕಾಗಿಲ್ಲ. ಬಯಲುಸೀಮೆಗೂ ಬೇಡ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಬಾಗಿಲು ಹಾಕಿದ ತೊಟ್ಟಿಮನೆ, ಒಳಗೆ ಉಗ್ರಾಣದ ಕತ್ತಲು, ಅಟ್ಟದ ಮೇಲೆ ಏನೋ ಉರುಳಿದ ಸದ್ದು: ಇಷ್ಟು ಸಾಕು, ಬೆವರು ತಾನಾಗಿಯೇ ಬರುತ್ತದೆ.

ಅಸಲಿಗೆ ಈ ಗಾಥಿಕ್ ಪ್ರಕಾರ ಹುಟ್ಟಿದ್ದೇ ಒಂದು ಸೋಗಿನ ಮನೆಯಲ್ಲಿ. ಹೊರೇಸ್ ವಾಲ್ಪೋಲ್ ಎಂಬ ಶ್ರೀಮಂತ, ಬ್ರಿಟನ್ನಿನ ಮೊದಲ ಪ್ರಧಾನಿಯ ಮಗ, ಲಂಡನ್ನಿನ ಹತ್ತಿರದ ಟ್ವಿಕನ್‌ಹ್ಯಾಮ್‌ನಲ್ಲಿ ಸ್ಟ್ರಾಬೆರಿ ಹಿಲ್ ಎಂಬ ಮನೆ ಕಟ್ಟಿಸಿದ. ಹಳೇ ಕಾಲದ ಕೋಟೆಯಂತೆ ಕಾಣಬೇಕೆಂಬ ಆಸೆ. ದೊಡ್ಡ ಮೊಗಸಾಲೆಯ ಚಾವಣಿಯ ಕೆತ್ತನೆ ನೋಡಿದರೆ ಕಲ್ಲಿನ ಕೆಲಸ ಎನ್ನಬೇಕು, ಮಾಡಿದ್ದು ಕಾಗದದ ರದ್ದಿಯನ್ನು ಅರೆದು. ಆ ಮನೆಯಲ್ಲಿ ಮಲಗಿದ್ದವನಿಗೆ ಒಂದು ಕನಸು: ಮೆಟ್ಟಿಲ ಕಟಕಟೆಯ ಮೇಲೆ ಕಬ್ಬಿಣದ ಕವಚ ತೊಟ್ಟ ದೈತ್ಯಗಾತ್ರದ ಕೈ. ಅವತ್ತೇ ಸಂಜೆ ಬರೆಯಲು ಕೂತ. 1764ರಲ್ಲಿ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಹೊರಬಂತು. ಧೈರ್ಯ ಸಾಲದೆ, ಇದು ಹಳೆಯ ಇಟಾಲಿಯನ್ ಪುಸ್ತಕವೊಂದರ ಅನುವಾದ ಎಂದು ಸುಳ್ಳು ಹೆಸರುಗಳಲ್ಲಿ ಅಚ್ಚು ಹಾಕಿಸಿದ. ಜನ ಮುಗಿಬಿದ್ದು ಕೊಂಡ ಮೇಲೆ, ಮರುವರ್ಷದ ಎರಡನೇ ಮುದ್ರಣದಲ್ಲಿ, ಬರೆದವನು ನಾನೇ ಸ್ವಾಮಿ ಎಂದು ಮುಂದೆ ಬಂದ. ಕಥೆಯ ಶುರುವಿನಲ್ಲೇ ಮದುವೆಯ ದಿನ ಆಕಾಶದಿಂದ ಬಂಡಿಗಾತ್ರದ ಶಿರಸ್ತ್ರಾಣ ಬಿದ್ದು ಮದುಮಗ ಅಪ್ಪಚ್ಚಿಯಾಗುತ್ತಾನೆ. ಇಂದು ಓದಿದರೆ ನಗು ಬರುತ್ತದೆ. ನಮ್ಮ ಬಾಮೈದನಿಗೆ ಬರಲಿಲ್ಲ.

ವಾಲ್ಪೋಲ್‌ನ ಮೂವತ್ತು ವರ್ಷದ ನಂತರ ಬಂದ ಆನ್ ರ‍್ಯಾಡ್‌ಕ್ಲಿಫ್ ಬಲು ಜಾಣೆ. 1794ರ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' ನಾಲ್ಕು ಸಂಪುಟದ ಪುಸ್ತಕ. ಪ್ರಕಾಶಕರು 500 ಪೌಂಡು ಎಣಿಸಿ ಕೊಟ್ಟರು, ಆ ಕಾಲಕ್ಕೆ ಕಾದಂಬರಿಯೊಂದಕ್ಕೆ ಬಾಯಿಬಿಡುವಂಥ ಮೊತ್ತ. ಇಟಲಿಯ ಬೆಟ್ಟ, ಕಣಿವೆ, ಕೋಟೆಗಳ ವರ್ಣನೆ ಪುಟಗಟ್ಟಲೆ ಇದೆ, ಲೇಖಕಿ ಇಟಲಿಯ ಮುಖ ನೋಡಿದವಳಲ್ಲ. ಚಿತ್ರಪಟ ಮತ್ತು ಪ್ರವಾಸಕಥನಗಳಿಂದಲೇ ದೇಶ ಕಟ್ಟಿದಳು. ಆ ಕೋಟೆಯಲ್ಲಿ ಒಂದು ಕಪ್ಪು ಪರದೆ. ನಾಯಕಿ ಎಮಿಲಿ ಅದನ್ನು ಎತ್ತಿ ನೋಡುತ್ತಾಳೆ, ನೋಡಿದವಳೇ ಎಚ್ಚರ ತಪ್ಪಿ ಬೀಳುತ್ತಾಳೆ. ಏನು ಕಂಡಳು? ಲೇಖಕಿ ಹೇಳುವುದಿಲ್ಲ. ಒಂದು ಪುಟ ಹೇಳುವುದಿಲ್ಲ, ಒಂದು ಸಂಪುಟ ಹೇಳುವುದಿಲ್ಲ. ಇನ್ನೇನು ಪುಸ್ತಕ ಮುಗಿಯಬೇಕು ಎನ್ನುವಾಗ ಹೋಗಿ ಹೇಳುತ್ತಾಳೆ. ನಾನೂ ಈಗಲೇ ಹೇಳುವುದಿಲ್ಲ. ಸಂಪುಟಗಟ್ಟಲೆ ಕಾದ ಜನರಿದ್ದರು, ನೀವು ಎರಡು ಪುಟ ಕಾಯಬಾರದೇ?

ಹೀಗೆ ಕಾದು ಕಾದು ತಲೆಕೆಟ್ಟ ಓದುಗರನ್ನು ಕಂಡು ನಕ್ಕವಳು ಜೇನ್ ಆಸ್ಟಿನ್. ಅವಳ 'ನಾರ್ಥ್ಯಾಂಗರ್ ಅಬಿ'ಯ ಕ್ಯಾಥರೀನ್ ನನ್ನ ಬಾಮೈದನ ಅಕ್ಕನೇ ಇರಬೇಕು. (ನಿಜವಾದ ಅಕ್ಕ ನನ್ನ ಹೆಂಡತಿ. ಅವಳಿಗೆ ಈ ವಾಕ್ಯ ತೋರಿಸುವ ಉದ್ದೇಶ ನನಗಿಲ್ಲ.) ಉಡಾಲ್ಫೊ ಓದಿ ಮೈಮರೆತ ಹುಡುಗಿ ಹಳೇ ಮಠವನ್ನು ಮನೆ ಮಾಡಿಕೊಂಡವರಲ್ಲಿಗೆ ಅತಿಥಿಯಾಗಿ ಹೋಗುತ್ತಾಳೆ. ಹೊರಗೆ ಬಿರುಗಾಳಿ, ಮಳೆ. ಕೋಣೆಯ ಮೂಲೆಯಲ್ಲಿ ಕಪ್ಪು ಬಣ್ಣದ ಹಳೇ ಬೀರು. ಬೀಗದ ಕೈ ತಿರುಗುವುದಿಲ್ಲ, ಆಮೇಲೆ ತಿರುಗುತ್ತದೆ. ಖಾನೆ ಎಳೆದರೆ ಖಾಲಿ, ಇನ್ನೊಂದೂ ಖಾಲಿ. ಒಳಗಿನ ಪುಟ್ಟ ಖಾನೆಯ ಹಿಂಬದಿಗೆ ಕೈ ಹಾಕಿದರೆ ಕಾಗದದ ಸುರುಳಿ! ಓದಬೇಕು ಎನ್ನುವಷ್ಟರಲ್ಲಿ ಮೇಣದಬತ್ತಿ ಆರುತ್ತದೆ. ರಾತ್ರಿಯೆಲ್ಲ ಹೊದಿಕೆಯೊಳಗೆ ನಡುಕ. ಯಾವ ಕೊಲೆಯ ಕಥೆಯೋ, ಯಾವ ನತದೃಷ್ಟೆಯ ಕೊನೆಯ ಪತ್ರವೋ. ಬೆಳಕು ಹರಿದ ಕೂಡಲೇ ಬಿಡಿಸಿ ನೋಡಿದರೆ ಅಗಸರ ಲೆಕ್ಕ. ಅಂಗಿ ಇಷ್ಟು, ಕಾಲುಚೀಲ ಇಷ್ಟು. ಜೊತೆಗೆ ಕುದುರೆಗೆ ಮದ್ದು ಹಾಕಿದವನ ಬಿಲ್ಲು.

ಈ ಭಾಗವನ್ನು ಬಾಮೈದನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಛೇ, ಮೋಸ!" ಅಂದ. ಮೋಸ ಎಲ್ಲಿ ಬಂತಯ್ಯಾ? ಆ ಪ್ರಸಂಗವನ್ನು ಮತ್ತೊಮ್ಮೆ ನೋಡು. ಆಸ್ಟಿನ್ ಹೆದರಿಸಿದ್ದು ಬೀಗ, ಖಾನೆ, ಕಾಗದ, ಬತ್ತಿ ಇಷ್ಟರಿಂದಲೇ. ಎಲ್ಲವೂ ಕೈಯಿಂದ ಮುಟ್ಟುವ ಸಾಮಾನು, ಒಂದಾದ ಮೇಲೊಂದು, ಸರಿಯಾದ ಸರದಿಯಲ್ಲಿ. ಗೇಲಿ ಮಾಡಲು ಹೊರಟವಳು ಗೇಲಿಗೆ ಮುಂಚೆ ಗಾಥಿಕ್ಕನ್ನು ಅದರ ಗುರುಗಳಿಗಿಂತ ಸೊಗಸಾಗಿ ಬರೆದು ತೋರಿಸಿದಳು. ಅಗಸರ ಲೆಕ್ಕ ಬರುವವರೆಗೂ ನನ್ನ ಉಸಿರೇ ಬಿಗಿದಿತ್ತು. ಇಂಥ ಪುಸ್ತಕಕ್ಕೆ ಆದ ಗತಿ ಕೇಳಿ: 1803ರಲ್ಲಿ ಪ್ರಕಾಶಕನೊಬ್ಬ 10 ಪೌಂಡಿಗೆ ಹಸ್ತಪ್ರತಿ ಕೊಂಡು ಅಚ್ಚು ಹಾಕದೆ ಮೂಲೆಗೆ ಒಗೆದ. 1816ರಲ್ಲಿ ಅದೇ 10 ಪೌಂಡು ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಪುಸ್ತಕ ಹೊರಬಂದದ್ದು 1817ರ ಕೊನೆಗೆ. ಆ ವೇಳೆಗೆ ಆಸ್ಟಿನ್ ತೀರಿಕೊಂಡು ಐದು ತಿಂಗಳು.

ಇನ್ನು ನಾನು ಈ ಕಾದಂಬರಿಗಳಲ್ಲಿ ಕಂಡುಕೊಂಡ ಗುಟ್ಟು ಹೇಳುತ್ತೇನೆ. ಮಂಜನ್ನು ಒರೆಸಿ ನೋಡಿ, ಕೆಳಗೆ ಸಿಗುವುದು ಆಸ್ತಿಪತ್ರ! ಒಟ್ರಾಂಟೊದ ಒಡೆಯ ಮ್ಯಾನ್‌ಫ್ರೆಡ್‌ನ ತಾತ ನಿಜವಾದ ಧಣಿಗೆ ವಿಷ ಹಾಕಿ, ಖೋಟಾ ವಿಲ್ ಸೃಷ್ಟಿಸಿ ಕೋಟೆ ಹೊಡೆದುಕೊಂಡವನು. ಶಿರಸ್ತ್ರಾಣ ಬಿದ್ದದ್ದು ಸುಮ್ಮನೆ ಅಲ್ಲ, ಖಾತೆ ಸರಿಮಾಡಲು. ಉಡಾಲ್ಫೊದ ಖಳ ಮಾಂಟೋನಿ ಹೆಂಡತಿಯನ್ನು ಕೋಟೆಯಲ್ಲಿ ಕೂಡಿಹಾಕಿದ್ದು ಅವಳ ಜಮೀನು ಬರೆಸಿಕೊಳ್ಳಲು. ಅವಳು ಸತ್ತ ಮೇಲೆ ಎಮಿಲಿಯ ಬೆನ್ನು ಹತ್ತಿದ್ದೂ ಅದಕ್ಕೇ. ವಿಲ್ಕಿ ಕಾಲಿನ್ಸ್‌ನ 'ದಿ ವುಮನ್ ಇನ್ ವೈಟ್'ನಲ್ಲಿ ಗಂಡನೆನಿಸಿಕೊಂಡವನು ಒಂದು ದಸ್ತಾವೇಜನ್ನು ಮಡಿಸಿ, ರುಜು ಹಾಕುವ ಜಾಗವಷ್ಟೇ ಕಾಣುವಂತೆ ಹಿಡಿದು, "ಇಲ್ಲಿ ಹಾಕು" ಎನ್ನುತ್ತಾನೆ. ಹೆಂಡತಿಯ ಹೆಸರಲ್ಲಿ 20,000 ಪೌಂಡು ಇದೆ. ಇಡೀ ಪುಸ್ತಕದಲ್ಲಿ ನನ್ನ ರಕ್ತ ತಣ್ಣಗಾದದ್ದು ಆ ಮಡಿಕೆಯನ್ನು ಕಂಡು. ನಮ್ಮಲ್ಲಿ ಎಷ್ಟು ಅತ್ತಿಗೆ, ನಾದಿನಿಯರು ಅಂಥ ಮಡಿಸಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಲ್ಲ? ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ ನಡುರಾತ್ರಿ ನಡೆದರೆ ಅದೇ ಗಾಥಿಕ್.

ಡ್ರಾಕುಲಾನನ್ನು ಮರೆತೆನೆಂದುಕೊಂಡಿರಾ? ಬ್ರಾಮ್ ಸ್ಟೋಕರ್‌ನ 1897ರ ಆ ಪುಸ್ತಕ ಹೇಗೆ ಆರಂಭವಾಗುತ್ತದೆ ಎಂದು ಬಾಮೈದನನ್ನು ಕೇಳಿದೆ. "ಕೋಟೆ, ತೋಳಗಳ ಊಳು" ಅಂದ. ಅದು ಆಮೇಲೆ. ಮೊದಲು ಬರುವುದು ರೈಲು ಒಂದು ಗಂಟೆ ತಡವಾಯಿತು ಎಂಬ ದೂರು. ಅದರ ಬೆನ್ನಿಗೇ, ಹೋಟೆಲಿನಲ್ಲಿ ತಿಂದ ಕೋಳಿಯ ಪದಾರ್ಥಕ್ಕೆ ಕೆಂಪು ಮೆಣಸಿನಪುಡಿ ಹಾಕಿದ್ದರು, ರುಚಿಯಾಗಿತ್ತು, ದಾಹವಾಯಿತು, ಮಾಡುವ ಬಗೆ ಕೇಳಿಕೊಂಡು ಮದುವೆ ಗೊತ್ತಾದ ಮೀನಾಗೆ ಹೇಳಬೇಕು ಎಂಬ ಟಿಪ್ಪಣಿ. ಡೈರಿ ಬರೆದ ಜೊನಾಥನ್ ಹಾರ್ಕರ್ ಹೊಸದಾಗಿ ಪರೀಕ್ಷೆ ಪಾಸಾದ ವಕೀಲ. ಹೊರಟಿರುವುದು ಮನೆ ವ್ಯಾಪಾರಕ್ಕೆ. ಡ್ರಾಕುಲಾ ಲಂಡನ್ ಹತ್ತಿರ ಇಪ್ಪತ್ತು ಎಕರೆಯ ಹಳೇ ಆಸ್ತಿ ಕೊಳ್ಳುತ್ತಿದ್ದಾನೆ, ಹಾರ್ಕರ್ ಅದರ ಫೋಟೋ ತೆಗೆದುಕೊಂಡು ಬಂದಿದ್ದಾನೆ. ರಕ್ತ ಹೀರುವ ಮಹಾನುಭಾವ ಸೋಫಾದ ಮೇಲೆ ಒರಗಿ ಓದುತ್ತಿರುವುದಾದರೂ ಏನು? ಇಂಗ್ಲೆಂಡಿನ ರೈಲ್ವೆ ವೇಳಾಪಟ್ಟಿ! ಒಬ್ಬನಿಗಿಂತ ಹೆಚ್ಚು ವಕೀಲರನ್ನು ಇಟ್ಟುಕೊಳ್ಳಬಹುದೇ ಎಂದು ಕೇಳುತ್ತಾನೆ. ಮುಂದೆ ಅವನ ಐವತ್ತು ಮಣ್ಣಿನ ಪೆಟ್ಟಿಗೆಗಳನ್ನು ನಾಯಕರು ಪತ್ತೆ ಮಾಡುವುದೂ ಮಂತ್ರದಿಂದಲ್ಲ, ಸಾಗಣೆಯವರ ಕಾಗದಪತ್ರ ಹಿಡಿದು. ಸ್ಟೋಕರ್ ಕೂಡ ಟ್ರಾನ್ಸಿಲ್ವೇನಿಯಾ ನೋಡಿದವನಲ್ಲ. ಆದರೂ ನಂಬುತ್ತೇವೆ. ರೈಲಿನ ಹೊತ್ತು, ಕೋಳಿಯ ಖಾರ ಇಷ್ಟು ಕರಾರುವಾಕ್ಕಾಗಿ ಬರೆಯುವವನು ಗೋಡೆಯ ಮೇಲೆ ತಲೆಕೆಳಗಾಗಿ ಹರಿದವನ ಬಗ್ಗೆ ಸುಳ್ಳು ಹೇಳುತ್ತಾನೆಯೇ?

ಬಾಮೈದ ಸ್ವಲ್ಪ ಯೋಚನೆಗೆ ಬಿದ್ದ. "ಅಂದ್ರೆ ದೆವ್ವಕ್ಕಿಂತ ಮುಂಚೆ ಟೈಮ್‌ಟೇಬಲ್ ಬರೀಬೇಕಾ?" ಬರೀಬೇಕಪ್ಪಾ. ಸಂಪಿನ ನೋಟೀಸಿನಲ್ಲೂ.

ಅವನನ್ನು ನಿಜಕ್ಕೂ ಬದಲಾಯಿಸಿದ್ದು ಅದೇ ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್'. ಅದನ್ನು ನಾನೇ ಕೈಗಿಟ್ಟೆ. ಮೊದಲ ಪುಟ ತಿರುವಿದವನೇ ಕೆಳಗೆ ಓಡಿಬಂದ. "ಭಾವಾ, ಇದು ನಮ್ ಪಟ್ಣದ ಕಥೆ!" ಹೌದು, ಇಂಗ್ಲಿಷಿನ ಆರಂಭದ ದೊಡ್ಡ ಪತ್ತೇದಾರಿ ಕಾದಂಬರಿಗಳಲ್ಲಿ ಒಂದಾದ ಇದು ಶುರುವಾಗುವುದು ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು ಕೋಟೆ ಬಿದ್ದ ಹೊತ್ತಿನಲ್ಲಿ. ಟಿಪ್ಪುವಿನ ಆಯುಧಶಾಲೆಯೊಳಗೆ ನುಗ್ಗಿದ ಇಂಗ್ಲಿಷ್ ಅಧಿಕಾರಿಯೊಬ್ಬ ಕಾವಲಿದ್ದವರನ್ನು ಕೊಂದು, ಕಠಾರಿಯ ಹಿಡಿಯಲ್ಲಿ ಕೂರಿಸಿದ್ದ ಹಳದಿ ವಜ್ರವನ್ನು ಎಗರಿಸುತ್ತಾನೆ. ವಜ್ರ ಕಲ್ಪನೆಯದು, ಲೂಟಿ ನಿಜವಾಗಿ ನಡೆದದ್ದೇ. ಸುಮಾರು ಐವತ್ತು ವರ್ಷದ ನಂತರ ಯಾರ್ಕ್‌ಷೈರಿನ ಮನೆಯೊಂದರಲ್ಲಿ ಹುಡುಗಿಯ ಹುಟ್ಟುಹಬ್ಬದ ರಾತ್ರಿ ಅದೇ ವಜ್ರ ಮಾಯ. ಇಲ್ಲೂ ಮೂಲ ವ್ಯಾಜ್ಯ ಒಂದೇ: ಯಾರ ಸ್ವತ್ತು, ಯಾರ ಕೈಯಲ್ಲಿ?

"ಕೊನೇಲಿ ವಾಪಸ್ ಕೊಡ್ತಾರಾ ಭಾವ?"

"ವಾಪಸ್ ಬರುತ್ತೆ. ಸೋಮನಾಥಕ್ಕೆ."

"ಅಲ್ಲೂ ನಮಗಿಲ್ವಾ!" ಎಂದು ಕಾವೇರಿ ತೀರ್ಪು ಕೇಳಿದವನಂತೆ ಕುಸಿದು ಕೂತ.

1868ರಲ್ಲಿ ಡಿಕನ್ಸ್‌ನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿ, ಬರೆಯಲು ಕಲಿಯುವವರಿಗೆ ಒಂದು ಪಾಠಶಾಲೆ. ಕಾಲಿನ್ಸ್‌ಗೆ ಆಗ ಸಂಧಿವಾತದ ಯಮಯಾತನೆ, ನೋವಿಗೆ ಅಫೀಮಿನ ಔಷಧ ಕುಡಿಯುತ್ತಿದ್ದ. ಒಂದಷ್ಟು ಭಾಗವನ್ನು ಮಲಗಿದಲ್ಲಿಂದಲೇ ಹೇಳಿ ಬರೆಸಿದ. ಆದರೂ ಒಬ್ಬೊಬ್ಬರ ದನಿ ಎಷ್ಟು ಬೇರೆಬೇರೆ! ಒಂದೇ ಕಳವಿನ ಕಥೆಯನ್ನು ಹಲವರು ತಮ್ಮ ತಮ್ಮ ಬಾಯಲ್ಲಿ ಹೇಳುತ್ತಾರೆ. ಮೊದಲಿಗೆ ಮನೆಯ ಹಳೇ ಕಾರಭಾರಿ ಬೆಟ್ಟರೆಜ್, ಎಪ್ಪತ್ತು ದಾಟಿದ ಮುದುಕ. ವಜ್ರದ ವಿಷಯ ಬರೆಯಯ್ಯಾ ಎಂದರೆ ತನ್ನ ಮದುವೆಯ ವಿಷಯ ಬರೆಯುತ್ತಾನೆ. ಮನೆಗೆಲಸದವಳಿಗೆ ವಾರವಾರ ಸಂಬಳ ಕೊಡುವುದಕ್ಕಿಂತ ಕಟ್ಟಿಕೊಳ್ಳುವುದು ಅಗ್ಗವೆಂದು ಲೆಕ್ಕ ಹಾಕಿದವನು! ದಾರಿ ತಪ್ಪಿದೆನೆಂದು ನೆನಪಾದಾಗ ಮತ್ತೆ ಮೊದಲಿಂದ. ಕಷ್ಟ ಬಂದರೆ 'ರಾಬಿನ್ಸನ್ ಕ್ರೂಸೋ' ತೆಗೆದು ಕಣ್ಣಿಗೆ ಬಿದ್ದ ಪುಟದಲ್ಲಿ ಭವಿಷ್ಯ ನೋಡುತ್ತಾನೆ. ಆಮೇಲೆ ಮಿಸ್ ಕ್ಲಾಕ್ ಬರುತ್ತಾಳೆ, ಮಹಾ ದೈವಭಕ್ತೆ. ಹೋದ ಮನೆಯಲ್ಲೆಲ್ಲ ಧರ್ಮಬೋಧೆಯ ಕಿರುಹೊತ್ತಗೆಗಳನ್ನು ದಿಂಬಿನಡಿ, ಹೂಕುಂಡದ ಹತ್ತಿರ ಬಚ್ಚಿಟ್ಟು ಬರುವವಳು. ಮಂದಿಯನ್ನು ಬಯಲಿಗೆಳೆಯುತ್ತೇನೆಂದು ಹೊರಟು ಸಾಲುಸಾಲಿಗೂ ತನ್ನನ್ನೇ ಬಯಲು ಮಾಡಿಕೊಳ್ಳುತ್ತಾಳೆ, ಅವಳಿಗೇ ಗೊತ್ತಿಲ್ಲ. ಇಬ್ಬರ ಒಂದೊಂದು ವಾಕ್ಯ ಕತ್ತರಿಸಿ ಕಲಸಿಟ್ಟರೂ ಯಾವುದು ಯಾರದೆಂದು ಹೇಳಬಹುದು.

ಇದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ ತಮ್ಮನಿಗೆ ಅಪ್ಪಣೆ ಮಾಡಿದಳು: "ಲೋ, ಇನ್ಮೇಲೆ ನೀನು ಬರೀಬೇಡ. ನಮ್ಮ ವಾಚ್‌ಮನ್ ಬರೆದ್ರೆ ಹೆಂಗಿರುತ್ತೋ ಹಂಗೆ ಬರಿ." ಅವನು ಮುಖ ಊದಿಸಿಕೊಂಡು ಹೋದ. ವಾರ ಕಳೆದು ಒಂದು ಹಾಳೆ ತಂದ. ಅದರಲ್ಲಿ ಇದ್ದದ್ದು ಇಷ್ಟು:

"ರಾತ್ರಿ ಹನ್ನೊಂದಕ್ಕೆ ಗೇಟಿಗೆ ಬೀಗ ಹಾಕಿದೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಬೆಳಿಗ್ಗೆ ನೋಡಿದಾಗ ಬೀಗ ಹಾಕಿದ ಹಾಗೇ ಇತ್ತು. ಮೂರನೇ ಮಹಡಿ ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ ಜಾಸ್ತಿ ಇತ್ತು. ಒದ್ದೆ ಇತ್ತು."

ಯಾರೂ ಮಾತಾಡಲಿಲ್ಲ. ಹೆಂಡತಿ ಎದ್ದುಹೋಗಿ ನಮ್ಮ ಬಾಗಿಲ ಹೊರಗಿನ ಚಪ್ಪಲಿ ಒಮ್ಮೆ ಎಣಿಸಿ ಬಂದಳು. ಅಂಧಕಾರವಿಲ್ಲ, ನಿಟ್ಟುಸಿರಿಲ್ಲ, ಒಂದು ಆಶ್ಚರ್ಯಚಿಹ್ನೆ ಇಲ್ಲ. ಇರುವ ವಿಶೇಷಣಕ್ಕೆ ಲೆಕ್ಕ ಹಾಕಿದರೆ ಆ "ಒದ್ದೆ" ಒಂದೇ. ಅದನ್ನೂ ಕೊನೆಗೆ ಇಟ್ಟಿದ್ದಾನೆ ಕಳ್ಳ.

ಡ್ಯಾಫ್ನಿ ದು ಮೊರಿಯೆ 1938ರಲ್ಲಿ 'ರೆಬೆಕಾ' ಬರೆದಾಗ ಇದೇ ಕೈಚಳಕ ತೋರಿಸಿದಳು. ಸತ್ತ ಮೊದಲ ಹೆಂಡತಿಯ ಹೆಸರು ಮುಖಪುಟದ ಮೇಲೇ ಇದೆ, ಕಥೆ ಹೇಳುವ ಎರಡನೇ ಹೆಂಡತಿಯ ಹೆಸರು ಪುಸ್ತಕದಲ್ಲಿ ಎಲ್ಲೂ ಇಲ್ಲ. ರೆಬೆಕಾಳ ದೆವ್ವ ಬರುವುದಿಲ್ಲ. ಹಳೇ ಮಳೆಕೋಟಿನ ಜೇಬಿಗೆ ಕೈ ಹಾಕಿದರೆ ತುಟಿಯ ಬಣ್ಣ ಹತ್ತಿದ ಕರವಸ್ತ್ರ ಸಿಗುತ್ತದೆ, ಅಷ್ಟೇ. ಸವತಿಯ ಕಾಟಕ್ಕೆ ಇನ್ನೇನು ಬೇಕು? ನಮ್ಮವರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ಬಾಗಿಲುಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದ "ನಾಳೆ ಬಾ" ನೆನಪಿದೆಯೇ? ರಾತ್ರಿ ದೆವ್ವ ಮನೆಯವರ ದನಿಯಲ್ಲೇ ಕೂಗುತ್ತದಂತೆ, ಬರಹ ಓದಿ ಹಿಂದಿರುಗುತ್ತದಂತೆ, ಮರುರಾತ್ರಿ ಬಂದರೆ ಮತ್ತೆ ಅದೇ ಬರಹ. ಎರಡು ಪದ, ದೆವ್ವದ ಹೆಸರಿಲ್ಲ, ರೂಪವಿಲ್ಲ, ಸಾಲ ವಸೂಲಿಗೆ ಬಂದವನಿಗೆ ಹೇಳುವ ಮಾತು. ಬರೆದವರು ಯಾರೋ, ಶೈಲಿಯಲ್ಲಿ ನಮ್ಮ ಕಾರ್ಯದರ್ಶಿಗಿಂತ ಬಹಳ ಮುಂದೆ ಇದ್ದರು.

ಈ ದಾರಿ ಹಿಡಿಯಬೇಕೆನ್ನುವ ಓದುಗರಿಗೆ ನನ್ನದೊಂದು ಮಾತು. 'ಮೂನ್‌ಸ್ಟೋನ್'ನಿಂದ ಆರಂಭಿಸಿ, ಅದು ನಮ್ಮ ಕಡೆಯದೇ. ಆಮೇಲೆ ಡ್ರಾಕುಲಾದ ಮೊದಲ ನಾಲ್ಕು ಅಧ್ಯಾಯ. ಒಟ್ರಾಂಟೊವನ್ನು ಶೈಲಿಗಾಗಿ ಓದಬೇಡಿ, ಶಿರಸ್ತ್ರಾಣಕ್ಕಾಗಿ ಓದಿ. ಉಡಾಲ್ಫೊ ಓದಲು ದೀರ್ಘ ರಜೆ ಬೇಕು, ಇಲ್ಲವೇ ಕಾಲು ಮುರಿದಿರಬೇಕು. ಅಂದಹಾಗೆ, ಆ ಕಪ್ಪು ಪರದೆಯ ಹಿಂದೆ ಇದ್ದದ್ದು ಹೆಣದ ಹಾಗೆ ಮಾಡಿಟ್ಟ ಮೇಣದ ಗೊಂಬೆ.